ಪೀಬರಿ

ಕೊಪ್ಪದ ಸೇತುವೆ ದಾಟಿ ಕ್ರೇನು ಬಂದದ್ದು ರಾತ್ರಿ.
ಚೆಂಡು ಬಂದದ್ದು ಮರುದಿನ, ಬೇರೆ ಲಾರಿಯಲ್ಲಿ,
ಗೋಣಿ ಹೊದ್ದು, ನಾಲ್ಕು ಹಗ್ಗ ಬಿಗಿಸಿಕೊಂಡು.
ಚೆಕ್‌ಪೋಸ್ಟಿನವನು ಕೇಳಿದನಂತೆ,
ಒಳಗೆ ಯಾವ ದೇವರು?

ಪೊಕ್ಕರಾಕ ನಗಲಿಲ್ಲ.
ಮೂವತ್ತು ವರ್ಷ ಇದೇ ಕೆಲಸ,
ತಲಶ್ಶೇರಿಯ ಅಕ್ಕಿಮಿಲ್ಲು, ಮಂಗಳೂರಿನ ಹೆಂಚಿನ ಕಾರ್ಖಾನೆ,
ಎಲ್ಲಿ ಹೋದರೂ ಜನ ಮೊದಲು ಕೇಳುವುದು ಅದನ್ನೇ.

ನನ್ನ ಕೆಲಸ ನೀರು.
ಗೋಡೆ ಬಿದ್ದಲ್ಲಿ ಧೂಳು ಏಳದ ಹಾಗೆ
ಪೈಪು ಹಿಡಿದು ನಿಲ್ಲುವುದು. ದಿನಕ್ಕೆ ಏಳುನೂರು.
ಕುಶಾಲನಗರದ ಹಳೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಚೆರಿ ಒಣಗಿಸುತ್ತಿದ್ದ ಕಣದ ಮೇಲೆಯೇ
ಕ್ರೇನು ಕಾಲೂರಿತು.
ಮಡಿಕೇರಿಯಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ, ಅಂದರು,
ಅಲ್ಲಿ ನೆಲವೇ ಓರೆ.
ನೀರು ಮಟ್ಟದ ಗುಳ್ಳೆ ನಡುವಿಗೆ ಬರುವ ತನಕ
ಹಲಗೆ ತುರುಕಿಸಿದರು, ತೆಗೆಸಿದರು, ಮತ್ತೆ ತುರುಕಿಸಿದರು.

ಗೋಣಿ ಬಿಚ್ಚುವಾಗ ಅಪ್ಪಿ ದೊಡ್ಡಮ್ಮ ಫ್ಲಾಸ್ಕು ಹಿಡಿದು ಬಂದಿದ್ದಳು,
ಇಪ್ಪತ್ತೆರಡು ವರ್ಷ ಇಲ್ಲಿ ಬೀಜ ಆಯ್ದವಳು.
ಕಪ್ಪು ಕಬ್ಬಿಣ, ಮೈಯೆಲ್ಲ ಜಜ್ಜಿದ ಗುರುತು.
ಒಮ್ಮೆ ಸುತ್ತು ಬಂದು ನೋಡಿದಳು.
ಓ, ಪೀಬರಿ, ಅಂದಳು.

ಒಂದು ಹಣ್ಣಿನಲ್ಲಿ ಎರಡು ಬೀಜ,
ಎದುರು ಬದುರು, ಒಂದನ್ನೊಂದು ಒತ್ತಿ ಚಪ್ಪಟೆಯಾದವು.
ಎಲ್ಲೋ ನೂರರಲ್ಲೈದು ಹಣ್ಣಿಗೆ ಒಂದೇ ಬೀಜ.
ಒತ್ತುವವರಿಲ್ಲದೆ ದುಂಡಗಾಗಿಬಿಡುತ್ತೆ.
ಅದನ್ನು ಬೇರೆ ರಾಶಿ ಮಾಡಬೇಕು. ರೇಟು ಜಾಸ್ತಿ.

ಬೀಸುವುದಲ್ಲ ಮೋನೇ, ಪೊಕ್ಕರಾಕ ಹೇಳುತ್ತಿದ್ದರು,
ಹಿಂದಕ್ಕೆ ಎಳೆದು ಬಿಡುವುದು, ಅಷ್ಟೇ ನಮ್ಮದು.
ಹೊಡೆಯುವುದು ಅದರ ಭಾರ.
ಹೊಡೆದು ವಾಪಸು ಬರುತ್ತಲ್ಲ,
ಆಗ ಅರ್ಧ ದಾರಿಯಲ್ಲಿ ಅದನ್ನು ಸಮಾಧಾನ ಮಾಡಬೇಕು.
ಆ ವಿದ್ಯೆ ಗೊತ್ತಿಲ್ಲದ ಒಬ್ಬನ ಕ್ರೇನು
ಉಪ್ಪಳದಲ್ಲಿ ಕತ್ತು ಮುರಿದುಕೊಂಡಿತ್ತು.

ಎಂಬತ್ತೇಳರಲ್ಲಿ ಕಟ್ಟಿದ ಆಫೀಸು
ಎರಡೇ ಏಟಿಗೆ ಕೂತಿತು.
ಕಾಂಕ್ರೀಟು ಉದುರಿ ಕಂಬಿಗಳು ಮಾತ್ರ ನಿಂತವು,
ಸಹಿಗೆ ಕಾದ ಬೆರಳುಗಳ ಹಾಗೆ.
ಬೈಲುಕುಪ್ಪೆಯ ಮರಿ ಸನ್ಯಾಸಿಗಳು ಕಾಂಪೌಂಡು ಹತ್ತಿ
ಚಪ್ಪಾಳೆ ತಟ್ಟಿದರು.

ಹಿಂದಿನ ಗೋದಾಮು ಹಾಗಲ್ಲ.
ಮಣ್ಣು, ಸುಣ್ಣ, ಎರಡಡಿ ದಪ್ಪ.
ಮೊದಲ ಏಟಿಗೆ ಧಪ್ ಅಂದಿತು,
ನಿದ್ದೆಯಲ್ಲಿ ಮಗ್ಗುಲಾದ ಹಾಗೆ.
ಎರಡನೆಯದಕ್ಕೂ ಧಪ್.
ಹದಿನೇಳನೆಯದಕ್ಕೆ ಒಂದು ತೂತು ಬಿತ್ತು,
ಅಲ್ಲಿಂದ ಕಾಫಿ ಹೊಟ್ಟು ಇಳಿಯತೊಡಗಿತು,
ಬಂಗಾರ ಬಣ್ಣದ್ದು, ಹಗುರ,
ಇಲಿಗಳೋ ಕಾಲವೋ ತುಂಬಿಟ್ಟದ್ದು.
ಅರ್ಧ ಗಂಟೆ ಇಳಿಯಿತು.
ಚೆಂಡು ನಿಂತು ಕಾಯಿತು.
ನಾನು ನೀರು ಬಿಟ್ಟೆ, ಬಿಡಬಾರದಿತ್ತು.
ವಾಸನೆ ಎದ್ದು
ಬಸ್‌ಸ್ಟ್ಯಾಂಡಿನ ತನಕ ಹೋಯಿತಂತೆ.
ದೊಡ್ಡಮ್ಮ ಏನೂ ಅನ್ನದೆ ಫ್ಲಾಸ್ಕಿನ ಮುಚ್ಚಳ ಹಾಕಿದಳು.

ಐದನೆಯ ದಿನ ಉಳಿದದ್ದು ಗೇಟಿನ ಪಕ್ಕದ
ಲಾರಿ ತೂಗುವ ಕಾಟಾ ಒಂದೇ.
ಸುಮ್ಮನೆ ತಮಾಷೆಗೆಂದು ಪೊಕ್ಕರಾಕ
ಚೆಂಡನ್ನು ಅದರ ಮೇಲೆ ಇಳಿಸಿದರು.
ಮುಳ್ಳು ನಡುಗಿ, ಯೋಚಿಸಿ, ನಿಂತಿತು:
ಸಾವಿರದ ಎಂಟುನೂರ ಹತ್ತು.

ಎರಡು ಟನ್ ಇರಬೇಕಿತ್ತು.
ಟೊಪ್ಪಿ ತೆಗೆದು ನೆತ್ತಿ ಒರೆಸಿಕೊಂಡರು.
ಕೊಂಡಾಗಿನ ಬಿಲ್ಲಿನಲ್ಲಿ ಬರೆದಿದೆ, ಎರಡು ಟನ್.
ಜಜ್ಜಿದ ಗುರುತುಗಳ ಮೇಲೆ ಒಂದೊಂದೇ ಕೈಯಾಡಿಸಿದರು,
ತಲಶ್ಶೇರಿ ಎಷ್ಟು ತಿಂದಿತು, ಮಂಗಳೂರು ಎಷ್ಟು,
ಆ ಗೋದಾಮು ಎಷ್ಟು ಇಟ್ಟುಕೊಂಡಿತು ಎಂಬಂತೆ.

ಅಯ್ಯೋ, ಈ ಕಾಟಾ ಯಾವತ್ತು ನಿಜ ಹೇಳಿದೆ,
ದೊಡ್ಡಮ್ಮ ನಕ್ಕಳು, ಬಾಯಿಗೆ ಸೆರಗು ಹಿಡಿದು ನಕ್ಕಳು.
ಚೀಲಕ್ಕೆ ಮೂರು ಕಿಲೋ ತಿನ್ನುತ್ತಿತ್ತು.
ಸಣ್ಣ ಬೆಳೆಗಾರರು ಕಣ್ಣೀರಿಟ್ಟು ಹೋಗಿದ್ದಾರೆ ಇಲ್ಲಿಂದ.

ಕತ್ತಲಾಗುವಾಗ ಚೆಂಡನ್ನು ಮಣ್ಣಿಗೆ ಇಳಿಸಿದರು.
ನೇತುಬಿಟ್ಟರೆ ರಾತ್ರಿಯಿಡೀ ಗಾಳಿ ಆಡಿಸುತ್ತೆ,
ಬೆಳಗ್ಗೆ ಮಾತು ಕೇಳುವುದಿಲ್ಲ.
ನಾಳೆ ಕಾಟಾದ ಸರದಿ.
ಕೈಕಾಲು ತೊಳೆದು ಬಂದವರು
ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದರು,
ಅದು ನಿಜವಾಗಿಯೂ ಕಳ್ಳ ಕಾಟಾವಾ?

ನಾನು ಪೈಪು ಸುತ್ತುತ್ತಿದ್ದೆ.
ಹೌದು, ಅಂದೆ.
ನನಗೆ ಗೊತ್ತಿರಲಿಲ್ಲ.